ನೀಲಿ ಅಂಗಿಗಳ ನಡುವೆ

ಡ್ರಿಲ್ ಮಾಮನಿಗೆ ಚಳಿ ತಡೆಯಲಾಗಲಿಲ್ಲ. ಸ್ಟೇಡಿಯಂ ಹೊರಗೆ ತಳ್ಳುಗಾಡಿಯವನ ಹತ್ತಿರ ಒಂದು ಕೆಂಪು ಮಫ್ಲರ್ ಕೊಂಡು ಕತ್ತಿಗೆ ಸುತ್ತಿಕೊಂಡ. ಅನಾಹುತಕ್ಕೆ ಅದೇ ಮೂಲವಾಯಿತು.

ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರಾಗಿದ್ದು ನಿವೃತ್ತನಾದವನು ಅವನು. ಜೀವಮಾನವಿಡೀ ಮಕ್ಕಳಿಗೆ ಫುಟ್‌ಬಾಲ್ ಕಲಿಸಿದ್ದ, ದೊಡ್ಡ ಪಂದ್ಯವೊಂದನ್ನು ಕಣ್ಣಾರೆ ಕಂಡಿರಲಿಲ್ಲ. ಅವನ ಅಕ್ಕನ ಮಗಳು ಲಿಫ್ಟ್ ಕೂರಿಸುವ ಕಂಪನಿಯಲ್ಲಿ ಇಂಜಿನಿಯರು. ಹೊಸ ಯಂತ್ರ ನೋಡಿಕೊಂಡು ಬಾ ಎಂದು ಕಂಪನಿ ಅವಳನ್ನು ಹೊರದೇಶಕ್ಕೆ ಕಳಿಸಿದಾಗ ಹಟ ಹಿಡಿದು ಮಾಮನನ್ನೂ ಹೊರಡಿಸಿದ್ದಳು. ಮೂವತ್ತು ದಾಟಿದ್ದರೂ ಅವನ ಬಾಯಲ್ಲಿ ಅವಳಿನ್ನೂ ಪುಟ್ಟಿ.

ಒಳಗೆ ಹೋಗಿ ಕೂತ ಮೇಲೆಯೇ ಪುಟ್ಟಿಗೆ ಗೊತ್ತಾಗಿದ್ದು, ಸುತ್ತ ಇರುವವರೆಲ್ಲ ನೀಲಿ ಅಂಗಿಯವರು. ಫೋನಿನಲ್ಲಿ ಟಿಕೆಟ್ ತೆಗೆಯುವಾಗ ಮೈದಾನ ಚೆನ್ನಾಗಿ ಕಾಣುತ್ತದೋ ಇಲ್ಲವೋ ಎಂದಷ್ಟೇ ನೋಡಿದ್ದಳು. ಎದುರಾಳಿ ತಂಡದ ಕಡೆಯ ಕೆಂಪಿನವರು ಬಲಗಡೆ, ಕಬ್ಬಿಣದ ಬೇಲಿಯ ಆಚೆ ಇದ್ದರು.

"ಮಾಮ, ಆ ಮಫ್ಲರ್ ಕೋಟಿನೊಳಗೆ ತುರುಕು."

"ಯಾಕೇ? ಬೆಚ್ಚಗಿದೆ."

"ಹೇಳಿದಷ್ಟು ಮಾಡು. ಇಲ್ಲಿರೋರ ಮುಖ ನೋಡು."

"ಆಟ ನೋಡೋಕೆ ಬಂದಿದಾರೆ ಕಣೇ, ಕುಸ್ತಿಗಲ್ಲ," ಎಂದು ಗೊಣಗುತ್ತಲೇ ತುರುಕಿದ. ಮಂಡಿ ನೋವಿಗೆಂದು ಹಿಡಿದಿದ್ದ ದಪ್ಪ ಊರುಗೋಲನ್ನು ಕಾಲ ಬಳಿ ಒರಗಿಸಿಕೊಂಡ.

ಮೊದಲರ್ಧ ಸುಸೂತ್ರವಾಗಿ ಮುಗಿಯಿತು. ಮಾಮ ಮಗುವಿನ ಹಾಗೆ ಕಣ್ಣರಳಿಸಿಕೊಂಡು ಕೂತಿದ್ದ. ಎರಡನೇ ಅರ್ಧದಲ್ಲಿ ಕೆಂಪಿನ ಹುಡುಗನೊಬ್ಬ ಮೈದಾನದ ನಡುವಿನಿಂದ ಚೆಂಡು ಎತ್ತಿ ಹೊಡೆದ. ಅದು ಗಾಳಿಯಲ್ಲೇ ಬಾಗಿ ಗೋಲ್‌ಕೀಪರನ ಬೆರಳ ತುದಿ ಸವರಿ ಬಲೆಗೆ ಬಿತ್ತು.

"ಭಲೇ ಮಗನೇ!" ಮಾಮ ಎದ್ದು ನಿಂತು ಚಪ್ಪಾಳೆ ತಟ್ಟಿದ. ಕೋಟಿನಿಂದ ಮಫ್ಲರ್ ಹೊರಗೆ ಜಾರಿತು.

ಹಿಂದಿನಿಂದ ಯಾರೋ ಮಫ್ಲರಿನ ಎರಡೂ ತುದಿ ಹಿಡಿದು ಎಳೆದರು. ಮಾಮನ ಕಣ್ಣು ಮೇಲಾಯಿತು. ಪಕ್ಕದವನು ಮುಷ್ಟಿ ಬಿಗಿದು ಬಾಯಿಗೆ ಗುದ್ದಿದ. ಹಲ್ಲುಸೆಟ್ಟು ಮುಂದಿನ ಸಾಲಿಗೆ ಹಾರಿತು. ಮಾಮ ಕುರ್ಚಿಗಳ ಸಂದಿಯಲ್ಲಿ ಕುಸಿದ, ಬಿದ್ದವನ ಪಕ್ಕೆಗೆ ಬೂಟುಗಾಲುಗಳು ಬಿದ್ದವು. ಪುಟ್ಟಿ ಒಬ್ಬನ ಕೂದಲು ಹಿಡಿದು ಜಗ್ಗಿದಳು. ಅವನು ತಿರುಗಿ ಮೊಣಕೈಯಿಂದ ತಿವಿದ. ಅವಳ ಮೂಗಿನಲ್ಲಿ ಏನೋ ಲಟಕ್ ಎಂದಿತು, ಬಾಯಿಗೆಲ್ಲ ರಕ್ತದ ಉಪ್ಪು ಇಳಿಯಿತು.

ಅಷ್ಟರಲ್ಲಿ ಬಲಗಡೆಯ ಬೇಲಿ ಮುರಿದು ಬಿತ್ತು. ಕೆಂಪಿನವರು ಕೂಗುತ್ತ ನುಗ್ಗಿದರು. ಕಿತ್ತ ಪ್ಲಾಸ್ಟಿಕ್ ಕುರ್ಚಿಗಳು ತಲೆಯ ಮೇಲೆ ಹಾರಾಡಿದವು. ಮೇಲಿನ ಮೆಟ್ಟಿಲಿಂದ ಒಬ್ಬ ಉರುಳುತ್ತ ಬಂದು, ಕೆಳಗಿನ ಕಂಬಿಗೆ ತಲೆ ಬಡಿದು ಅಲ್ಲೇ ಸುಮ್ಮನಾದ. ಯಾರಿಗೆ ಯಾರು ಹೊಡೆಯುತ್ತಿದ್ದಾರೆ ಎಂಬುದು ಹೊಡೆಯುವವರಿಗೂ ಗೊತ್ತಿರಲಿಲ್ಲ.

ಯಾರೋ ಹಚ್ಚಿ ಎಸೆದ ಪಟಾಕಿಯ ಹೊಗೆಯಲ್ಲಿ ಪುಟ್ಟಿ ಮಾಮನನ್ನು ಹುಡುಕಿದಳು. ನೀಲಿ ಅಂಗಿಯ ಬೋಳುತಲೆಯವನೊಬ್ಬ ಅವನ ಮೇಲೆ ಕವುಚಿ ಬಿದ್ದು, ತಲೆಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದ. ಅವಳ ಕೈಗೆ ಊರುಗೋಲು ಸಿಕ್ಕಿತು. ಎತ್ತಿ ಬೆನ್ನಿಗೆ ಬಾರಿಸಿದಳು. ಅವನು ಏಳಲಿಲ್ಲ. ಕಿವಿಯ ಪಕ್ಕ ಬಾರಿಸಿದಳು, ಚರ್ಮ ಬಿರಿದು ರಕ್ತ ಚಿಮ್ಮಿತು. ಕೈಗೆ ಹುರುಪು ಬಂದಿತ್ತು. ಹಲ್ಲು ಕಚ್ಚಿ, ಮೈಯೆಲ್ಲ ಬಲ ಹಾಕಿ ಅವನ ಬೆರಳುಗಳ ಮೇಲೆ ಮತ್ತೊಂದು ಇಳಿಸಿದಳು. ಮೂಳೆ ಮುರಿದ ಸದ್ದು ಆ ಗದ್ದಲದಲ್ಲೂ ಕೇಳಿಸಿತು.

"ಬಿಡೇ!" ಅಡಿಯಿಂದ ಮಾಮ ಚೀರಿದ. "ಬಿಡೇ ಪಾಪಿ, ಇವನು ನನ್ನ ಕಾಪಾಡ್ತಾ ಇದಾನೆ!"

ಕೋಲು ಕೈಯಿಂದ ಜಾರಿತು. ಬೋಳುತಲೆಯವನು ಮುಖ ಎತ್ತಿ ಅವಳನ್ನು ನೋಡಿದ. ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಗಿತ್ತು. ಬೈಯಲಿಲ್ಲ. ಗಲ್ಲದಿಂದಲೇ ಕೆಳಗಿನ ಬಾಗಿಲು ತೋರಿಸಿದ. ಮೂವರೂ ಕುರ್ಚಿಗಳ ಅಡಿಯಲ್ಲಿ ತೆವಳಿಕೊಂಡು ಇಳಿದರು.

ಆಸ್ಪತ್ರೆಯಲ್ಲಿ ಜಾಗ ಸಾಲದೆ ಮೂವರನ್ನೂ ಒಂದೇ ಕೋಣೆಯಲ್ಲಿ ಹಾಕಿದ್ದರು. ಮಾಮನ ಪಕ್ಕೆಲುಬು ಮುರಿದಿತ್ತು. ಬೋಳುತಲೆಯವನು ಕ್ಷೌರದಂಗಡಿಯವನಂತೆ. ಕತ್ತರಿ ಹಿಡಿಯುವ ಕೈಯ ಬೆರಳುಗಳೇ ನುಚ್ಚಾಗಿದ್ದವು. ಪೊಲೀಸಿನವನು ಬಂದು ಹೊಡೆದವರಾರು ಎಂದಾಗ, ಗದ್ದಲದಲ್ಲಿ ಕಾಣಲಿಲ್ಲ ಎಂದುಬಿಟ್ಟ. ಪುಟ್ಟಿ ಬಾಯಿ ತೆರೆಯುವಷ್ಟರಲ್ಲಿ ಮಾಮ ಅವಳ ತೋಳು ಹಿಡಿದು ಅದುಮಿದ.

ಆಮೇಲೆ ಆತನ ಹೆಂಡತಿ ಓಡಿಬಂದಳು. ಗಂಡನ ಕೈ ನೋಡಿ ಅವಳೂ ಅದನ್ನೇ ಕೇಳಿದಳು: ಯಾರು?

ಈ ಸಲ ಪುಟ್ಟಿ ತಡಮಾಡಲಿಲ್ಲ. ಅವಳಿಗೆ ತಿಳಿಯುವಂತೆ ಬಿಡಿಬಿಡಿ ಇಂಗ್ಲಿಷಿನಲ್ಲಿ, "ನಾನು. ನಾನೇ ಹೊಡೆದಿದ್ದು," ಎಂದಳು.

ಹೆಂಗಸು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಕೈಬೀಸಿ ಕಪಾಳಕ್ಕೆ ಬಿಟ್ಟಳು. ಮುರಿದ ಮೂಗಿನಿಂದ ಮತ್ತೆ ರಕ್ತ ಕಿತ್ತುಕೊಂಡು ಬಂತು. ಪುಟ್ಟಿ ಮುಖ ತಿರುಗಿಸಲಿಲ್ಲ. ಹೆಂಗಸು ಇನ್ನೊಮ್ಮೆ ಕೈ ಎತ್ತಿದಳು, ಗಂಡ ಗದರಿಸಿದ ಮೇಲೆ ಇಳಿಸಿದಳು.

ಊರಿಗೆ ಹೊರಡುವ ಮುನ್ನ ಮಾಮ ಹಟ ಮಾಡಿ ಆ ಅಂಗಡಿಗೆ ಹೋದ. ಹೆಂಡತಿಯ ಕೈಯಲ್ಲಿ ಕತ್ತರಿ, ಗಂಡ ಸ್ಟೂಲಿನ ಮೇಲೆ ಕೂತು ಹೇಳಿಕೊಡುತ್ತಿದ್ದ. ಮಾಮನನ್ನು ಕುರ್ಚಿಯಲ್ಲಿ ಕೂರಿಸಿ, ಇದ್ದ ನಾಲ್ಕು ಕೂದಲನ್ನೂ ಅವಳು ಅಡ್ಡಾದಿಡ್ಡಿ ಕತ್ತರಿಸಿದಳು.

"ಕುರಿಗೂ ಹೀಗೆ ಮಾಡಲ್ಲ ಕಣೇ," ಎಂದು ಮಾಮ ಕನ್ನಡದಲ್ಲಿ ಹೇಳಿದ. ಏನೂ ಅರ್ಥವಾಗದಿದ್ದರೂ ಕ್ಷೌರಿಕ ನಕ್ಕುಬಿಟ್ಟ. ನಗುವಾಗ ಕಿವಿಯ ಹೊಲಿಗೆ ಎಳೆದು, ಮುಖ ಕಿವುಚಿದ.

ಪುಟ್ಟಿ ಬಾಗಿಲಲ್ಲೇ ನಿಂತಿದ್ದಳು. ಹೊರಡುವಾಗ ಹೆಂಗಸು ಮಾಮನ ಕೋಟಿನ ಮೇಲಿನ ಕೂದಲು ಕೊಡವಿ, ಗುಂಡಿ ಹಾಕಿದಳು. ಪುಟ್ಟಿಯತ್ತ ಮಾತ್ರ ಒಮ್ಮೆಯೂ ನೋಡಲಿಲ್ಲ. ಪುಟ್ಟಿ ತಲೆ ಬಾಗಿಸಿದಳು, ಮಾಮನಿಗೆ ಹೆಗಲು ಕೊಟ್ಟು ಬೀದಿಗೆ ಇಳಿದಳು.