ಗೋಡೆಯ ಮೇಲಿನ ಎಣ್ಣೆ ಕಲೆ

ಮಾಡದಕೆರೆಯ ಹಳೆಯ ಮನೆಯನ್ನು ಕೆಡವಿ ಹೊಸದು ಕಟ್ಟೋಣವೆಂದು ತಿಮ್ಮರಾಯಪ್ಪ ಹೇಳಿದಾಗೆಲ್ಲ ಹೆಂಡತಿ ಬರಗೇರಮ್ಮ ಕಣ್ಣೀರು ಹಾಕುತ್ತಿದ್ದಳು. ಕಾರಣ ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ನಡುಮನೆಯ ಗೋಡೆಯಲ್ಲೊಂದು ಎಣ್ಣೆ ಜಿಡ್ಡಿನ ಕಲೆಯಿತ್ತು. ಹೋದ ವರ್ಷ ಜ್ವರದಲ್ಲಿ ತೀರಿಕೊಂಡ ಮಗಳು ನಾಗಶ್ರೀ ತಲೆಗೆ ಎಣ್ಣೆ ಹಚ್ಚಿಸಿಕೊಂಡು ಅಲ್ಲೇ ಒರಗಿ ಓದುತ್ತಿದ್ದಳು. ಬರಗೇರಮ್ಮ ದಿನಾ ಅದಕ್ಕೆ ಕೆನ್ನೆಯೊತ್ತುತ್ತಿದ್ದಳು. ಗಂಡನ ಕಣ್ಣಿಗೆ ಅದು ಬರೀ ಕೊಳೆ.

ಕೊನೆಗೆ ಅವಳ ಅಳು ನೋಡಲಾರದೆ ಅವನೇ ಸೋತ. ಅವಳು ತವರಿನಿಂದ ಮರಳುವಷ್ಟರಲ್ಲಿ ಗೋಡೆಗಳನ್ನೆಲ್ಲ ಕೆರೆಸಿ, ಗಾರೆ ಮಾಡಿಸಿ, ಸುಣ್ಣ ಹೊಡೆಸಿದ್ದ.

“ನೋಡೇ, ನಿನ್ ಸಲುವಾಗೇ ಮನೆ ಉಳಿಸೀನಿ. ಖುಷಿ ಆತಾ?”

ಬರಗೇರಮ್ಮ ಬೆಳ್ಳನೆಯ ಗೋಡೆಯ ಮೇಲೆ ಅಂಗೈಯಾಡಿಸಿ ಹುಡುಕಿದಳು. ಅಂಗೈಗೆ ಸುಣ್ಣ ಹತ್ತಿತು.

“ಇನ್ನು ಕೆಡವಿದ್ರೂ ಆಗ್ತೈತೆ ಬಿಡ್ರಿ,” ಎಂದಳು.