ಜಪಾನಿನವರಿಗೆ ತೋರಿಸಿದ ಅಮ್ಮ

ಮಕ್ಕಳು ಹೆತ್ತವರನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವ ವಾಡಿಕೆ ಜಪಾನಿನಲ್ಲಿ ಸವೆಯುತ್ತಿದೆಯೆಂದು ಕಂಗಾಲಾದ ಅಲ್ಲಿನ ತಂಡವೊಂದು, ನಮ್ಮವರು ಹೇಗೆ ಸಂಭಾಳಿಸುತ್ತಾರೆಂದು ತಿಳಿಯಲು ೨೦೦೬ರಲ್ಲಿ ತಿರುವನಂತಪುರಕ್ಕೆ ಬಂತು. ಅವರಿಗೆ ತೋರಿಸಲು ಒಂದು ಮಾದರಿ ಮನೆ ಬೇಕಿತ್ತು. ಸೆಕ್ರೆಟೇರಿಯಟ್ಟಿನಲ್ಲಿ ಅಧಿಕಾರಿಯಾಗಿದ್ದ ಕಾಸರಗೋಡಿನ ಹರಿನಾರಾಯಣ ತನ್ನ ಮನೆಯನ್ನೇ ಸೂಚಿಸಿದ. ಮಾತೃಸೇವೆಯ ಬಗ್ಗೆ ಅವನಷ್ಟು ಚೆನ್ನಾಗಿ ಮಾತಾಡುವವರು ಆ ಕಚೇರಿಯಲ್ಲಿ ಬೇರೆ ಇರಲಿಲ್ಲ.

ಆದರೆ ಅವನ ತಾಯಿ ದಾಕ್ಷಾಯಣಿಯಮ್ಮ ಮೂರು ವರ್ಷದಿಂದ ಎರ್ನಾಕುಲಂನ ವೃದ್ಧಾಶ್ರಮವೊಂದರಲ್ಲಿದ್ದರು. ತಂಡ ಮನೆಗೆ ಬರುವ ಹಿಂದಿನ ದಿನ ಹೋಗಿ ರೈಲಿನಲ್ಲಿ ಕರೆತಂದ. ಅವನ ಮಗಳು ಅನನ್ಯಳ ಕೋಣೆಯಿಂದ ಕಂಪ್ಯೂಟರ್ ಹೊರಬಿತ್ತು. ಮಂಚ, ದೇವರ ಪಟ ಒಳಬಂದವು. ಅಮ್ಮ ಸುಮ್ಮನೆ ನಕ್ಕರೆ ಸಾಕು, ಕನ್ನಡದಲ್ಲಿ ಏನೇ ಹೇಳಿದರೂ ತಾನು ಇಂಗ್ಲಿಷಿನಲ್ಲಿ ಸರಿಮಾಡುತ್ತೇನೆಂದು ಹೇಳಿಕೊಟ್ಟ.

ತಂಡದ ಹಿರಿಯರು ಹಯಾಶಿ ಎಂಬ ಎಂಬತ್ತರ ಅಜ್ಜಿ. ದುಭಾಷಿಯಾಗಿ ಬಂದವಳು ಐಟಿ ಪಾರ್ಕಿನಲ್ಲಿ ಜಪಾನಿ ಗಿರಾಕಿಗಳ ಕೆಲಸ ನೋಡುತ್ತಿದ್ದ ಸುಮಯ್ಯಾ. ಅವಳ ಊರು ಪುತ್ತೂರೆಂದು ಹರಿನಾರಾಯಣನಿಗೆ ಯಾರೂ ಹೇಳಿರಲಿಲ್ಲ.

ಇಲ್ಲಿ ದಿನ ಹೇಗೆ ಕಳೆಯುತ್ತದೆಂದು ಹಯಾಶಿ ಕೇಳಿದ್ದನ್ನು ಸುಮಯ್ಯಾ ನೇರವಾಗಿ ಕನ್ನಡದಲ್ಲೇ ಕೇಳಿದಳು. ದಾಕ್ಷಾಯಣಿಯಮ್ಮನ ಮುಖ ಅರಳಿತು.

"ನಾನು ಇಲ್ಲಿಗೆ ನಿನ್ನೆ ಬಂದದ್ದು ಮಗಾ, ನಾಳೆ ಹೋಗುವುದು. ಅಲ್ಲಿ ಆಶ್ರಮದಲ್ಲಿ ಮಾತಿಗೆ ಜನ ಉಂಟು. ಇಲ್ಲಿ ಕುಡಿಯುವ ನೀರು ಎಲ್ಲಿಟ್ಟಿದ್ದಾರೆ ಅಂತ ಸಹ ನನಗೆ ಗೊತ್ತಿಲ್ಲ."

ಮಗನೇ ತನಗೆ ದೇವರೆಂದು ಅಮ್ಮ ಹೇಳುತ್ತಿದ್ದಾರೆಂದು ಹರಿನಾರಾಯಣ ಇಂಗ್ಲಿಷಿನಲ್ಲಿ ಸಾರಿದ. ಸುಮಯ್ಯಾ ಕರ್ತವ್ಯನಿಷ್ಠೆ ಬಿಡದೆ ಇಬ್ಬರ ಮಾತನ್ನೂ ಜಪಾನಿ ಭಾಷೆಗೆ ಇಳಿಸಿದಳು. ತಂಡದವರು ತಲೆ ತಗ್ಗಿಸಿ ಚಹಾದ ಲೋಟ ನೋಡತೊಡಗಿದರು. ಹಯಾಶಿ ಮಾತ್ರ ಎದ್ದು ಹರಿನಾರಾಯಣನಿಗೆ ಸೊಂಟ ಬಾಗಿಸಿ ವಂದಿಸಿದರು. ಅವರು ಹೇಳಿದ್ದನ್ನು ಸುಮಯ್ಯಾ ಮೆಲ್ಲಗೆ ಕನ್ನಡದಲ್ಲಿ ತಿಳಿಸಿದಳು:

"ಪತ್ರಿಕೆಯವರು ಬಂದಾಗ ನನ್ನ ಮಗನೂ ನನ್ನನ್ನು ಹೀಗೇ ಮನೆಗೆ ಕರೆತಂದಿದ್ದ. ನೀರು ಎಲ್ಲಿದೆಯೆಂದು ಮಾತ್ರ ಮೊದಲೇ ತೋರಿಸಿದ್ದ."

ಮರುದಿನ ತಂಡಕ್ಕೆ ಎರ್ನಾಕುಲಂ ಪಕ್ಕದ ಕಳಮಶ್ಶೇರಿಯ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸವಿತ್ತು. ಹಯಾಶಿ ಉಪನ್ಯಾಸ ಬಿಟ್ಟು, ದಾಕ್ಷಾಯಣಿಯಮ್ಮನನ್ನು ತಂಡದ ಕಾರಿನಲ್ಲೇ ಆಶ್ರಮಕ್ಕೆ ಕರೆದೊಯ್ದು ಸಂಜೆಯವರೆಗೆ ಅಲ್ಲೇ ಕುಳಿತರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಇಬ್ಬರೂ ಬಿಡದೆ ಮಾತಾಡಿದರು.

ಆ ಹೊತ್ತಿಗೆ ಹರಿನಾರಾಯಣನ ಫೋನ್ ಬಂತು. ತನ್ನ ಮಾನ ಕಳೆದದ್ದೇಕೆಂದು ಅವನು ಶುರುಮಾಡಿದ್ದಷ್ಟೇ.

"ಆಮೇಲೆ ಮಾತಾಡುವ ಆಯ್ತಾ," ಎಂದರು ದಾಕ್ಷಾಯಣಿಯಮ್ಮ. "ಮನೆಗೆ ನೆಂಟರು ಬಂದಿದ್ದಾರೆ."