ತಾಂಡೋ ಹೂಂಗುಟ್ಟಿದ್ದು

ಸುರಿನಾಮ್ ಹೊಳೆಯ ಮೇಲ್ದಂಡೆಯ ಊರುಗಳಲ್ಲಿ ಸಭೆ ಸೇರಿತೆಂದರೆ ಹೂಂಗುಟ್ಟುವವನೊಬ್ಬ ಇರಲೇಬೇಕು. ದೊಡ್ಡವರು ಒಂದು ಮಾತಾಡಿ ನಿಲ್ಲಿಸುತ್ತಾರೆ, ಅವನು "ನಿಜ" ಅನ್ನುತ್ತಾನೆ, ಆಮೇಲೆ ಮುಂದಿನ ಮಾತು. ಅವನು ಹೂಂ ಅನ್ನದೆ ಸುಮ್ಮನೆ ಕೂತರೆ ಮಾತಾಡುತ್ತಿದ್ದವರು ಎಂಥ ದೊಡ್ಡ ಕುಳವಾದರೂ ಅಲ್ಲಿಗೇ ಬಾಯಿ ಮುಚ್ಚಬೇಕು. ಈ ಕೆಲಸದಲ್ಲಿ ತಾಂಡೋನನ್ನು ಮೀರಿಸುವವರು ಆ ಹೊಳೆಯ ದಂಡೆಯಲ್ಲೇ ಇರಲಿಲ್ಲ. ಎಲ್ಲಿ ತಗ್ಗಿಸಬೇಕು, ಎಲ್ಲಿ ಎಳೆಯಬೇಕು, ಎಲ್ಲಿ ಒಂದು ನಗೆ ಸೇರಿಸಬೇಕು ಅನ್ನುವುದೆಲ್ಲ ಅವನಿಗೆ ನೀರು ಕುಡಿದಷ್ಟು ಸಲೀಸು. ಪಕ್ಕದ ಊರಿನವರೂ ದೋಣಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಹಾಗೆ ಕರೆಸಿಕೊಂಡು ಕರೆಸಿಕೊಂಡು ಅವನ ತಲೆ ಸ್ವಲ್ಪ ತಿರುಗಿತ್ತು ಅಂತಲೇ ಹೇಳಬೇಕು.

ಕಾಡಿನ ಜನ ಮೊದಲ ಸಲ ಓಟು ಹಾಕಲಿದ್ದ ವರ್ಷ. ಪಟ್ಟಣದಿಂದ ಬ್ಲೂಮ್‌ಹೋಫ್ ಅನ್ನುವ ಅಭ್ಯರ್ಥಿ ಮೋಟಾರು ದೋಣಿಯಲ್ಲಿ ಬಂದಿಳಿದ. ರಮ್ಮು, ಹೊಗೆಸೊಪ್ಪು, ಹೆಂಗಸರಿಗೆ ಬಟ್ಟೆ ಎಲ್ಲವೂ ಜೊತೆಗಿದ್ದವು. ಕೆಳಗೆ ಅಫೋಬಾಕಾದಲ್ಲಿ ಹೊಳೆಗೆ ಅಡ್ಡಲಾಗಿ ಗೋಡೆ ಏಳುತ್ತಿತ್ತು. ನೀರು ನಿಂತರೆ ಊರುಗಳು ಮುಳುಗುತ್ತವೆ ಅನ್ನುವ ಸುದ್ದಿ ಬಂದಾಗಲೆಲ್ಲ ಮುದುಕರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೊಳೆಯನ್ನು ಕಟ್ಟಿಹಾಕುವುದೆಂದರೇನು, ಅದೇನು ನಾಯಿಯೇ ಅಂತ.

ತಾಂಡೋ ನಗುತ್ತಿರಲಿಲ್ಲ. ಗೋಡೆ ಕಟ್ಟುವವರು ಕಳಿಸಿದ ಅಳತೆಯವರ ಜೊತೆ ಅವನು ಮೂರು ತಿಂಗಳು ನೆಲ ಅಳೆಯುವ ಸರಪಳಿ ಹಿಡಿದಿದ್ದ. ನೀರು ಎಲ್ಲಿಯವರೆಗೆ ಏರುತ್ತದೋ ಅಲ್ಲಿ ಮರಗಳಿಗೆ ಬಿಳಿ ಗೆರೆ ಬಳಿಯುವುದು ಅವನ ಕೆಲಸವಾಗಿತ್ತು. ತನ್ನ ಊರಿನ ಹಿಂದಿನ ಗುಡ್ಡದ ಮೇಲೆ, ಊರಿನ ಎಲ್ಲ ಸೂರುಗಳಿಗಿಂತ ಎತ್ತರದಲ್ಲಿ, ಆ ಗೆರೆಯನ್ನು ಅವನೇ ಬಳಿದಿದ್ದ. ಹೇಳಿದರೆ ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

ಸಭೆಯ ದಿನ ಬೆಳಿಗ್ಗೆ ತಂಗಿ ಅಬೇನಿ ಹೊಳೆಯ ಮೆಟ್ಟಿಲಲ್ಲಿ ಪಾತ್ರೆ ಉಜ್ಜುತ್ತ ಕೇಳಿದಳು.

"ಅಣ್ಣಾ, ಅಳತೆಯವರ ಜೊತೆ ಓಡಾಡಿದೋನು ನೀನು. ನೀರು ಬರುತ್ತಾ ಇಲ್ವಾ, ಒಂದೇ ಮಾತಲ್ಲಿ ಹೇಳು. ಬರೋದಾದ್ರೆ ನಾನು ಈ ಸಲ ಕಾಡು ಕಡಿದು ಹೊಸ ಗದ್ದೆ ಮಾಡಲ್ಲ. ಅಮ್ಮನ್ನೂ ಮೇಲಿನೂರಿಗೆ ಕರ್ಕೊಂಡು ಹೋಗ್ತೀನಿ."

"ಇವತ್ತು ಪಟ್ಟಣದೋರು ಹೇಳ್ತಾರಲ್ಲ, ಕೇಳಿಸ್ಕೋ."

"ಅವರು ಹೇಳೋದು ಯಾರಿಗೆ ಬೇಕು? ಸಭೇಲಿ ಅವರ ಮಾತಿಗೆ ನೀನು ನಿಜ ಅಂದ್ರೆ ನಂಗೆ ನಿಜ. ಸುಮ್ನಿದ್ರೆ ಗಂಟು ಕಟ್ತೀನಿ."

ತಾಂಡೋ ನಕ್ಕು ಅವಳ ತಲೆಯ ಮೇಲೆ ನೀರು ಚಿಮುಕಿಸಿ ಹೊರಟುಹೋದ.

ಊರಿನ ಮುಖ್ಯಸ್ಥ, ಕಪಿತೇನ್ ಕೊಜೋ, ಗತಿಸಿದ ಹಿರಿಯರ ಹೆಸರಿನ ಕಂಬದ ಬುಡಕ್ಕೆ ರಮ್ಮು ಸುರಿದು ಸಭೆ ಶುರುಮಾಡಿದ. ಬ್ಲೂಮ್‌ಹೋಫ್ ಎದ್ದು ನಿಂತ, ಹೂಂಗುಟ್ಟಲು ತಾಂಡೋ ಎದುರಿಗೆ ಮಣೆ ಹಾಕಿ ಕೂತ.

"ತೋಟದ ಧಣಿಗಳ ಚಾವಟಿ ತಪ್ಪಿಸ್ಕೊಂಡು ಬಂದ ನಿಮ್ಮ ಮುತ್ತಜ್ಜಂದಿರು ಕಟ್ಟಿದ ಊರು ಇದು."

"ನಿಜ."

"ಇದನ್ನ ಮುಟ್ಟೋ ಗಂಡಸು ಇನ್ನೂ ಹುಟ್ಟಿಲ್ಲ."

"ಹುಟ್ಟಿಲ್ಲ, ಅವನ ತಾಯಿಗೂ ಇನ್ನೂ ಮದುವೆಯಾಗಿಲ್ಲ!"

ಸಭೆಯೆಲ್ಲ ನಗೆಯಲ್ಲಿ ಅಲ್ಲಾಡಿತು. ಬ್ಲೂಮ್‌ಹೋಫ್ ಕೂಡ ಬೆವರು ಒರೆಸಿಕೊಳ್ಳುತ್ತ ನಕ್ಕ. ತಾಂಡೋಗೆ ಮೈಯೆಲ್ಲ ಬೆಚ್ಚಗಾಯಿತು.

"ನಮಗೆ ಓಟು ಹಾಕಿ. ನೀರು ಈ ಊರಿನ ಮೆಟ್ಟಿಲನ್ನೂ ಮುಟ್ಟದ ಹಾಗೆ ನೋಡ್ಕೋತೀವಿ."

ಆ ಕ್ಷಣ ತಾಂಡೋಗೆ ಗುಡ್ಡದ ಮೇಲಿನ ಬಿಳಿ ಗೆರೆ ನೆನಪಾಯಿತು. ಸುಮ್ಮನೆ ಕೂತಿದ್ದರೆ ಸಾಕಾಗಿತ್ತು. ಎರಡು ಉಸಿರಿನ ಹೊತ್ತು ಕೂತೂ ಇದ್ದ. ಆದರೆ ಎಲ್ಲರ ಕಣ್ಣು ಅವನ ಮೇಲಿತ್ತು, ನಗು ಇನ್ನೂ ಮುಖಗಳ ಮೇಲಿತ್ತು, ಇಂಥ ಸೊಗಸಾದ ಸಭೆಯನ್ನು ಕೆಡಿಸಲು ಅವನಿಗೆ ಮನಸ್ಸು ಬರಲಿಲ್ಲ.

"ನಿಜ!" ಅಂದ. "ನಿಜಕ್ಕಿಂತ ನಿಜ!"

ಹೆಂಗಸರು ಚಪ್ಪಾಳೆ ತಟ್ಟಿದರು. ಅವರ ನಡುವೆ ಅಬೇನಿಯೂ ಇದ್ದಳು.

ಅವನು ಲಂಚ ತಿಂದಿದ್ದರೆ ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ಅಂದು ಅವನಿಗೆ ಸಿಕ್ಕಿದ್ದು ಎಲ್ಲರಿಗೂ ಸಿಕ್ಕಷ್ಟೇ ರಮ್ಮು. ಒಂದು ಚಪ್ಪಾಳೆಗಾಗಿ ಊರನ್ನು ಮಾರಿದವನು ಎಂದು ತನ್ನನ್ನು ತಾನೇ ಆಮೇಲೆ ಎಷ್ಟೋ ಸಲ ಬೈದುಕೊಂಡ. ಬೈಗುಳದಿಂದ ಗೆರೆ ಕೆಳಗಿಳಿಯಲಿಲ್ಲ.

ಊರು ಬ್ಲೂಮ್‌ಹೋಫನಿಗೆ ಓಟು ಹಾಕಿತು, ಅವನು ಗೆದ್ದ. ಅಬೇನಿ ಕಾಡು ಕಡಿದು ಹೊಸ ಗದ್ದೆ ಮಾಡಿ ಭತ್ತ ಬಿತ್ತಿದಳು. ಆರು ತಿಂಗಳಿಗೆ ಅಮ್ಮ ತೀರಿಕೊಂಡಳು.

ಆ ಕಡೆಯ ವಾಡಿಕೆಯಂತೆ ಇಬ್ಬರು ಶವವನ್ನು ತಲೆಯ ಮೇಲೆ ಹೊತ್ತು ನಿಂತರು, ಹಿರಿಯರು ಅದಕ್ಕೆ ಪ್ರಶ್ನೆ ಹಾಕಿದರು. ಮನೆಯಲ್ಲಿ ಯಾರಾದರೂ ತಪ್ಪು ಮಾಡಿದ್ದರೆ ಸತ್ತವರು ಹೊತ್ತವರನ್ನು ಅವರತ್ತ ನೂಕುತ್ತಾರೆ. ತಾಂಡೋ ಮನೆಯವರ ಸಾಲಿನ ಕೊನೆಯಲ್ಲಿ ನಿಂತ. ಅಮ್ಮ ಅವನ ಮುಂದೆ ಬಂದಳು, ಒಂದಿಷ್ಟು ತಡೆದಳು, ದಾಟಿ ಹೋದಳು. ಅವನಿಗೆ ಹೋದ ಜೀವ ಬಂದಂತಾಯಿತು, ಹಾಗೆ ಆಯಿತಲ್ಲ ಎಂದು ಮರುಕ್ಷಣವೇ ನಾಚಿಕೆಯೂ ಆಯಿತು.

ಸ್ಮಶಾನ ಹೊಳೆಯ ಪಕ್ಕದ ತಗ್ಗಿನಲ್ಲಿತ್ತು.

"ಅಮ್ಮನ್ನ ಗುಡ್ಡದ ಮೇಲೆ ಹೂಳಿದ್ರೆ ಹೇಗೆ?" ಅಂದ ತಾಂಡೋ.

"ಯಾಕೆ?" ಅಂದಳು ಅಬೇನಿ.

ಯಾಕೆ ಎಂದು ಹೇಳಬೇಕಾದರೆ ಸಭೆಯ ಮಾತನ್ನೂ ಹೇಳಬೇಕಾಗಿತ್ತು.

"ಏನಿಲ್ಲ, ಇಲ್ಲಿ ಮಣ್ಣು ಮೆತ್ತಗಿದೆ ಅಂತ."

"ಮೆತ್ತಗಿದ್ರೆ ಒಳ್ಳೇದೇ ಅಲ್ವಾ, ಅಮ್ಮಂಗೆ," ಅಂದಳು ಅವಳು. ತಾಂಡೋ ಗುದ್ದಲಿ ತೆಗೆದುಕೊಂಡ.

ಫೆಬ್ರವರಿಯಲ್ಲಿ ಗೋಡೆಯ ಬಾಗಿಲು ಮುಚ್ಚಿತು. ನೀರು ಮೊದಲು ಸ್ಮಶಾನಕ್ಕೆ ಬಂತು, ಆಮೇಲೆ ಮೆಟ್ಟಿಲಿಗೆ, ಆಮೇಲೆ ಕೊಯ್ಯದೆ ಉಳಿದ ಅಬೇನಿಯ ಭತ್ತಕ್ಕೆ. ಜನ ಸಿಕ್ಕಿದ್ದನ್ನು ದೋಣಿಗೆ ತುಂಬಿಕೊಂಡು ಹೊರಟರು. ಅಬೇನಿ ಅಮ್ಮನನ್ನು ಹೂತ ಜಾಗದ ಮೇಲೆ ದೋಣಿ ನಿಲ್ಲಿಸಿ, ಮುಖ ಮುಚ್ಚಿಕೊಂಡು ಕೂತಳು. ತಾಂಡೋ ಹುಟ್ಟು ಹಿಡಿದು ಹಿಂದೆ ಕೂತಿದ್ದ.

ಸರ್ಕಾರ ಕೊಟ್ಟ ಹೊಸ ಊರಿನಲ್ಲಿ ಎಲ್ಲ ಮನೆಗಳೂ ಒಂದೇ ತರಹ, ಸಾಲಾಗಿ, ತಗಡಿನ ಮಾಡಿನ ಕೆಳಗೆ. ಬ್ಲೂಮ್‌ಹೋಫನನ್ನು ಊರೆಲ್ಲ ಬಾಯಿಗೆ ಬಂದಂತೆ ಬೈಯಿತು. ತಾಂಡೋನನ್ನು ಒಬ್ಬರೂ ಬೈಯಲಿಲ್ಲ.

"ಪಾಪ, ಇವನೂ ನಮ್ಮ ಹಾಗೆ ಮೋಸ ಹೋದ," ಅನ್ನುತ್ತಿದ್ದಳು ಅಬೇನಿ. ಕಸಾವೆ ಗೆಣಸಿನ ರೊಟ್ಟಿ ಸುಟ್ಟ ದಿನ ಮೊದಲನೆಯದನ್ನು ಅಣ್ಣನಿಗೇ ಕಳಿಸುತ್ತಿದ್ದಳು. ಅವನು ಅದನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟುಬಿಡುತ್ತಿದ್ದ.

ನಾಲ್ಕು ವರ್ಷಕ್ಕೆ ಮತ್ತೆ ಚುನಾವಣೆ ಬಂತು, ಮತ್ತೆ ಬ್ಲೂಮ್‌ಹೋಫ್ ಬಂದ. ಈ ಸಲ ಜೀಪಿನಲ್ಲಿ. ಕೊಜೋ ತಾಂಡೋಗೆ ಹೇಳಿಕಳಿಸಿದ.

"ಗಂಟಲು ಸರಿಯಿಲ್ಲ," ಅಂದ ತಾಂಡೋ.

"ನಿನ್ನ ಗಂಟಲೇನು ಮದುವಣಗಿತ್ತಿನಾ, ಇಷ್ಟು ಬಿಂಕ? ಅವನು ಏನು ಬೊಗಳ್ತಾನೋ ಕೇಳಿ ಕಳಿಸೋಣ, ಬಾ."

ಬ್ಲೂಮ್‌ಹೋಫ್ ಎದ್ದ. "ಈ ಹೊಸ ಊರಿಗೆ ಕರೆಂಟು ಬರುತ್ತೆ," ಅಂದ. ತಾಂಡೋ ಸುಮ್ಮನಿದ್ದ. ಬ್ಲೂಮ್‌ಹೋಫ್ ಇನ್ನೂ ಗಟ್ಟಿಯಾಗಿ ಅದನ್ನೇ ಅಂದ. ಸಭೆಯಲ್ಲಿ ಗುಸುಗುಸು ಎದ್ದಿತು. ತಾಂಡೋ ಮಣೆಯಿಂದ ಎದ್ದು ನಿಂತ.

"ಇವರದ್ದಕ್ಕಿಂತ ಮುಂಚೆ ನಂದೊಂದು ಮಾತಿದೆ. ಅಳತೆಯವರ ಬಿಳೀ ಗೆರೆ ಬಳಿದೋನು ನಾನು."

ಯಾರೂ ಹೂಂಗುಟ್ಟಲಿಲ್ಲ. ಹೂಂಗುಟ್ಟಬೇಕಾದವನೇ ಮಾತಿಗೆ ನಿಂತಿದ್ದ.

"ಕೂತ್ಕೋ ತಾಂಡೋ," ಅಂದ ಕೊಜೋ. "ಹೂಂ ಅನ್ನೋರಿಲ್ಲದ ಮಾತು ಮಾತಲ್ಲ."

ತಪ್ಪಿಸಿಕೊಳ್ಳಲು ಇಷ್ಟು ಸುಲಭದ ದಾರಿ ಸಿಕ್ಕಿತ್ತು. ತಾಂಡೋನ ಮಂಡಿ ಆಗಲೇ ಬಾಗಿತ್ತು. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಅಬೇನಿಯ ದನಿ ಬಂತು.

"ನಿಜ. ಹೇಳು."

ಅವನು ನೆಲ ನೋಡುತ್ತ ಹೇಳಿದ. "ನಮ್ಮೂರು ಆ ಗೆರೆಯ ಕೆಳಗಿತ್ತು."

"ಇತ್ತು. ನಿಜ."

"ಅದು ಗೊತ್ತಿದ್ದೂ ಅವತ್ತು ಹೂಂ ಅಂದೆ."

"ಅಂದೆ."

"ಯಾರೂ ನಂಗೆ ಏನೂ ಕೊಟ್ಟಿರಲಿಲ್ಲ. ಜನ ನಗ್ತಿದ್ರು, ಅದು ಚೆನ್ನಾಗಿತ್ತು, ಅದಕ್ಕೆ ಅಂದೆ."

"ನಿಜ."

ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಬೈದಿದ್ದರೆ, ಬಂದು ಕೆನ್ನೆಗೆ ಬಾರಿಸಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

"ಅಮ್ಮನ ಗುಂಡಿ ತೋಡುವಾಗಲೂ ಗೊತ್ತಿತ್ತು."

ಈ ಸಲ ತಡವಾಯಿತು. ತಾಂಡೋ ತಲೆ ಎತ್ತಲಿಲ್ಲ. ಯಾವುದೋ ಮಗು ಅತ್ತಿತು, ತಾಯಿ ಅದಕ್ಕೆ ಎದೆ ಕೊಟ್ಟು ಸುಮ್ಮನಾಗಿಸಿದಳು.

"ನಿಜ," ಅಂದಳು ಅಬೇನಿ.

"ಮಣ್ಣು ಮೆತ್ತಗಿದೆ ಅಂತ ನಿಂಗೆ ಸುಳ್ಳು ಹೇಳಿದೆ. ನಾನೇ ಮಣ್ಣೆಳೆದೆ."

"ಎಳೆದೆ. ನಿಜ."

"ಇಷ್ಟೇ. ನನ್ನ ಮಾತು ಮುಗೀತು."

ಮುಗಿಯಿತು ಅನ್ನುವುದಕ್ಕೂ ಒಂದು ಹೂಂ ಬೇಕು. ಅದು ಬರುವವರೆಗೆ ಮಾತಾಡಿದವನು ಕೂರುವಂತಿಲ್ಲ. ಅಬೇನಿ ತನ್ನ ಮಣೆಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು, ಯಾರ ಕಡೆಗೂ ನೋಡದೆ ಮನೆಯ ದಾರಿ ಹಿಡಿದಳು. ಅವಳ ಹಿಂದೆ ಹೆಂಗಸರು ಎದ್ದರು, ಅವರ ಹಿಂದೆ ಗಂಡಸರು, ಕೊನೆಗೆ ಕೊಜೋ. ಬ್ಲೂಮ್‌ಹೋಫನ ಜೀಪೂ ಹೊರಟಿತು. ತಾಂಡೋ ನಿಂತೇ ಇದ್ದ.